‘ಬೇಡ’ ಎಂಬ ಸುಲಭದ ಮಾತು



ಕಳೆದ ಬಾರಿ ನಮ್ಮ ಶಾಲೆಯ ಹಳೆಯ ಗಂಟೆಯ ಕುರಿತು ಬರೆದಾಗ, “ಸಾರ್, ಅಮೆರಿಕದ ವಿಷಯ ಯಾವಾಗ ಬರೆಯುತ್ತೀರಿ?” ಎಂದು ಹಲವರು ಕೇಳಿದ್ದಿರಿ. ನಯಾಗರಾ ಜಲಪಾತದ ಬಗ್ಗೆ ಬರೆಯುವ ಉತ್ಸಾಹ ನನಗಿಲ್ಲ. ಅದರ ಚಿತ್ರಗಳನ್ನು ನೀವೆಲ್ಲ ನನಗಿಂತ ಚೆನ್ನಾಗಿ ತೆಗೆದಿದ್ದೀರಿ. ನಾನು ಬರೆಯಬೇಕೆಂದಿರುವುದು ಪೆರಿಸ್ ಎಂಬ ಊರಿನ ಬಗ್ಗೆ. ಲಾಸ್ ಏಂಜಲೀಸಿನ ಆಗ್ನೇಯಕ್ಕಿರುವ ಈ ಒಣಭೂಮಿಯ ಪಟ್ಟಣವನ್ನು ನೋಡಲು ಪ್ರವಾಸಿಗಳು ಬರುವುದಿಲ್ಲ. ವಿಮಾನದಿಂದ ಜಿಗಿಯಲು ಬರುತ್ತಾರೆ.

2023ರಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಗೆ ತಲುಪಿದ ಮೂರನೆಯ ದಿನ ಊಟದ ಹೊತ್ತಿನಲ್ಲಿ ಅವಳು, ತಾನು ಸ್ಕೈಡೈವಿಂಗ್ ಕಲಿಯಲು ಸೇರಿರುವುದಾಗಿಯೂ ಆಗಲೇ ಎರಡು ಬಾರಿ ಜಿಗಿದಿರುವುದಾಗಿಯೂ ತಿಳಿಸಿದಳು. ನನ್ನ ಬಾಯಿಂದ ಹೊರಟ ಮೊದಲ ಮಾತು “ಬೇಡ”. ಎರಡನೆಯ ಮಾತೂ ಅದೇ. ನನ್ನಾಕೆ ಅನ್ನ ಬಡಿಸುತ್ತಾ, “ನಿಮ್ಮ ಮಗಳು, ನೀವೇ ಮಾತಾಡಿಕೊಳ್ಳಿ” ಎಂದು ಒಳಗೆ ಹೋದಳು. ಮಗಳು ಜಗಳವಾಡಲಿಲ್ಲ. “ಅಪ್ಪಾ, ಶನಿವಾರ ಬಂದು ನೋಡಿ. ನೋಡಿದ ಮೇಲೆ ಬೇಡ ಅನ್ನಿ, ಕೇಳ್ತೀನಿ” ಎಂದಳು. ಮೂವತ್ತನಾಲ್ಕು ವರ್ಷದ, ಸ್ವಂತ ಸಂಪಾದನೆಯ ಮಗಳು ನನ್ನ ಅನುಮತಿಗೆ ಕಾಯಬೇಕಾಗಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮೊದಲು ಒಂದು ವ್ಯತ್ಯಾಸವನ್ನು ಹೇಳಿಬಿಡುವೆ, ಏಕೆಂದರೆ ನಮ್ಮವರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಪ್ರವಾಸದಲ್ಲಿ ಹಣ ಕೊಟ್ಟು, ಶಿಕ್ಷಕನ ಎದೆಗೆ ಬೆನ್ನು ಬಿಗಿಸಿಕೊಂಡು ಒಮ್ಮೆ ಜಿಗಿಯುವುದಕ್ಕೆ ಟ್ಯಾಂಡೆಮ್ ಎನ್ನುತ್ತಾರೆ. ಅಲ್ಲಿ ನಾವು ಕೇವಲ ಸಾಮಾನು. ಮಗಳು ಸೇರಿದ್ದು ಕಲಿಕೆಗೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ವಿದ್ಯಾರ್ಥಿ ಮೊದಲ ಜಿಗಿತದಲ್ಲೇ ತನ್ನ ಬೆನ್ನಿನ ಮೇಲೆ ತನ್ನದೇ ಪ್ಯಾರಾಚೂಟನ್ನು ಹೊತ್ತಿರುತ್ತಾನೆ. ಇಬ್ಬರು ಶಿಕ್ಷಕರು ಎಡಬಲದಲ್ಲಿ ಹಿಡಿದುಕೊಂಡು ಜೊತೆಗೇ ಬೀಳುತ್ತಾರೆ. ಪ್ಯಾರಾಚೂಟನ್ನು ತೆರೆಯಬೇಕಾದವನು ವಿದ್ಯಾರ್ಥಿಯೇ. ಹಂತಹಂತವಾಗಿ ಕೈಬಿಡುತ್ತಾ, ಕನಿಷ್ಠ 25 ಜಿಗಿತಗಳಾಗಿ ಪರೀಕ್ಷೆ ಮುಗಿದ ಮೇಲೆ ‘ಎ’ ಲೈಸೆನ್ಸ್ ದೊರೆಯುತ್ತದೆ. ಅದಕ್ಕೆ ಮುನ್ನ ತನ್ನ ಪ್ಯಾರಾಚೂಟನ್ನು ತಾನೇ ಮಡಿಸಲು ಕಲಿತಿರಬೇಕು.

ಶನಿವಾರ ಬೆಳಗ್ಗೆ ಹೋದೆವು. ವಿಮಾನಗಳನ್ನು ನೋಡುವ ನಿರೀಕ್ಷೆಯಲ್ಲಿದ್ದ ನನಗೆ ಮೊದಲು ಕಂಡದ್ದು ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಎದೆ, ಕಾಲುಗಳನ್ನು ಮೇಲೆತ್ತಿದ್ದ ಐದಾರು ಮಂದಿ. ನಮ್ಮ ಶಲಭಾಸನವೇ! ಗಾಳಿಯಲ್ಲಿ ದೇಹ ಸ್ಥಿರವಾಗಿ ನಿಲ್ಲಲು ಬೆನ್ನನ್ನು ಹಾಗೆ ಬಿಲ್ಲಿನಂತೆ ಬಾಗಿಸಬೇಕಂತೆ. ಅತ್ತ ಸೂರಿನಿಂದ ತೂಗುಬಿಟ್ಟ ಪಟ್ಟಿಗಳಲ್ಲಿ ಒಬ್ಬ ಹುಡುಗ ನೇತಾಡುತ್ತಿದ್ದ. ಶಿಕ್ಷಕಿ ಅವನೆದುರು ಸಿಕ್ಕುಬಿದ್ದ ಪ್ಯಾರಾಚೂಟಿನ ಚಿತ್ರವೊಂದನ್ನು ಹಿಡಿದು, “ಈಗ ಏನು ಮಾಡುವೆ?” ಎಂದು ಕೇಳುತ್ತಿದ್ದಳು. ಆತ ಮುಖ್ಯ ಪ್ಯಾರಾಚೂಟನ್ನು ಕಳಚುವ ಹಿಡಿಕೆಯನ್ನು ನೋಡಿ, ಹಿಡಿದು, ಎಳೆದು, ಆಮೇಲೆ ರಿಸರ್ವ್ ಪ್ಯಾರಾಚೂಟಿನ ಹಿಡಿಕೆಯನ್ನು ಎಳೆಯಬೇಕು. ಸರಿಯಾಗಿ ಮಾಡಿದ. ಮತ್ತೆ ಕೇಳಿದಳು. ಮತ್ತೆ ಮಾಡಿದ. ನಾನು ಎಣಿಸಿದಂತೆ ಹನ್ನೊಂದು ಬಾರಿ. ಮಗ್ಗಿ ಬಾಯಿಪಾಠ ಮಾಡಿಸುವುದನ್ನು ಹಳೆಯ ಪದ್ಧತಿಯೆಂದು ಟೀಕಿಸುವವರನ್ನು ಅಲ್ಲಿಗೆ ಕರೆದೊಯ್ಯಬೇಕು.

ಆ ದಿನ ಮಗಳ ಜಿಗಿತವಿರಲಿಲ್ಲ ಎನ್ನುವುದಕ್ಕಿಂತ ಇದ್ದೂ ಆಗಲಿಲ್ಲ ಎನ್ನಬೇಕು. ಹತ್ತು ಗಂಟೆಯ ಹೊತ್ತಿಗೆ ಗಾಳಿ ಏರಿತು. ವಿದ್ಯಾರ್ಥಿಗಳಿಗೆ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರು ಮೀರಿದ ಗಾಳಿಯಲ್ಲಿ ಜಿಗಿಯಲು ಅವಕಾಶವಿಲ್ಲ. ಅನುಭವಿಗಳು ಜಿಗಿಯುತ್ತಿದ್ದರು, ಇವರೆಲ್ಲ ಕುಳಿತಿದ್ದರು. ನಾಲ್ಕು ಗಂಟೆ ಕಾದರು. ಯಾರೂ “ಇದೊಂದು ಸಲ ಬಿಡಿ ಸಾರ್” ಎಂದು ಶಿಫಾರಸು ತರಲಿಲ್ಲ.

ಆ ನಾಲ್ಕು ಗಂಟೆಗಳಲ್ಲಿ ನಾನು ಆ ಜನರನ್ನು ನೋಡಿದೆ. ಉದ್ದನೆಯ ಕೊಟ್ಟಿಗೆಯಂಥ ಸೂರಿನಡಿ ರತ್ನಗಂಬಳಿ ಹಾಸಿ, ಅದರ ಮೇಲೆ ಮೊಣಕಾಲೂರಿ ಬಣ್ಣಬಣ್ಣದ ಪ್ಯಾರಾಚೂಟುಗಳನ್ನು ಮಡಿಸುತ್ತಿದ್ದರು. ನರ್ಸ್, ಬಡಗಿ, ಲಾರಿ ಚಾಲಕ, ವಕೀಲೆ. ಹೆಗಲಿಗೆ ಹೆಗಲು ತಾಗಿಸಿ ಕುಳಿತವರಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು ತಿಳಿಯುತ್ತಿರಲಿಲ್ಲ. ಹೊಸಬಳಾದ ನನ್ನ ಮಗಳ ಮಡಿಕೆಯನ್ನು ನರೆಗಡ್ಡದ ಒಬ್ಬರು ಬಿಚ್ಚಿಸಿ ಮೂರು ಸಲ ಮಡಿಸಿಸಿದರು. ಅವರಿಗೆ 71 ವರ್ಷ. ನನ್ನತ್ತ ತಿರುಗಿ, ನನ್ನ ವಯಸ್ಸು ಕೇಳಿ, “ಓ, ಇನ್ನೂ ಚಿಕ್ಕವರು!” ಎಂದರು. ನಲವತ್ತು ದಾಟಿದ ಜಿಗಿತಗಾರರ ಸಂಘವೊಂದು 1966ರಿಂದಲೂ ಇದೆ. ಅರವತ್ತು ದಾಟಿದವರದು, ಎಪ್ಪತ್ತು ದಾಟಿದವರದು ಬೇರೆಬೇರೆ. ಅವರು ಹಾಸ್ಯಕ್ಕೆ ಹೇಳಿದರೆಂದುಕೊಂಡಿದ್ದೆ, ನಿಜವಂತೆ. ಮಾಜಿ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ 2014ರಲ್ಲಿ ತಮ್ಮ 90ನೆಯ ಹುಟ್ಟುಹಬ್ಬದಂದು ಜಿಗಿದದ್ದನ್ನು ನಾನೇ ಪತ್ರಿಕೆಯಲ್ಲಿ ಓದಿ ಮರೆತಿದ್ದೆ.

ಈ ಬಳಗಕ್ಕೆ ತನ್ನದೇ ಆಚಾರಗಳಿವೆ. ಏನನ್ನಾದರೂ ಮೊದಲ ಬಾರಿಗೆ ಮಾಡಿದವರು ಎಲ್ಲರಿಗೂ ಬಿಯರ್ ತರಬೇಕು, ಮತ್ತು ಅದನ್ನು ದಿನದ ಕೊನೆಯ ವಿಮಾನ ಇಳಿದ ಮೇಲೆಯೇ ತೆರೆಯಬೇಕು. (ನನಗೆ ನಿಂಬೆಹಣ್ಣಿನ ಷರಬತ್ತು ಸಿಕ್ಕಿತು. ನನ್ನ ಷಡ್ಡಕರು ದಯವಿಟ್ಟು ಗಮನಿಸಬೇಕು.) ನೂರನೆಯ ಜಿಗಿತ ಮುಗಿಸಿದವರ ಮುಖಕ್ಕೆ ಕೆನೆ ಮೆತ್ತುತ್ತಾರೆ. ವಿಮಾನ ಹತ್ತುವ ಮುನ್ನ ಒಬ್ಬರ ಪಟ್ಟಿ, ಕೊಂಡಿಗಳನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಸಾವಿರ ಬಾರಿ ಜಿಗಿದವನೂ ಹೊಸಬನೆದುರು ಬೆನ್ನು ತಿರುಗಿಸಿ “ನೋಡು” ಎನ್ನುತ್ತಾನೆ. ಇದು ನನಗೆ ಬಹಳ ಹಿಡಿಸಿತು. ಹಿರಿಯನ ಗಂಟನ್ನು ಕಿರಿಯ ಪರೀಕ್ಷಿಸುವುದು ನಮ್ಮ ಸ್ಟಾಫ್ ರೂಮಿನಲ್ಲಿ ಊಹಿಸಲೂ ಆಗದ ಸಂಗತಿ.

ಮರುದಿನ ಬೆಳಗ್ಗೆ ಅವಳು ಜಿಗಿದಳು. 12,500 ಅಡಿ ಎತ್ತರ. ನಾನು ಮೂರು ದಶಕ ಹತ್ತನೆಯ ತರಗತಿಗೆ ಭೌತಶಾಸ್ತ್ರ ಕಲಿಸಿದವನು. ಬೀಳುವ ವಸ್ತುವಿನ ವೇಗ ಗಾಳಿಯ ತಡೆಯಿಂದ ಒಂದು ಮಿತಿಯಲ್ಲಿ ನಿಲ್ಲುತ್ತದೆಂದು ಕಪ್ಪುಹಲಗೆಯ ಮೇಲೆ ಬರೆದವನು. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಗಂಟೆಗೆ ಸುಮಾರು 190 ಕಿಲೋಮೀಟರು, ಅಲ್ಲಿಂದಾಚೆಗೆ ಹೆಚ್ಚುವುದಿಲ್ಲ. ಎಲ್ಲವೂ ಬಾಯಿಗೆ ಬರುತ್ತಿತ್ತು. ಆದರೂ ಕತ್ತೆತ್ತಿ ನಿಂತಾಗ ಆ ಲೆಕ್ಕ ಯಾವುದೂ ಒದಗಲಿಲ್ಲ. ಚುಕ್ಕೆಯೊಂದು ಕಂಡು, ಹಳದಿ ಬಟ್ಟೆ ಅರಳಿದ ಮೇಲೆಯೇ ನನ್ನಾಕೆ ನನ್ನ ಮುಂಗೈಯನ್ನು ಬಿಟ್ಟದ್ದು. ಉಗುರಿನ ಗುರುತು ಎರಡು ದಿನವಿತ್ತು.

ಆ ಜಿಗಿತದಲ್ಲಿ ಅವಳು ನಪಾಸಾದಳು. ಗಾಳಿಯಲ್ಲಿ ತಿರುಗಿ ನಿಲ್ಲಬೇಕಾದಲ್ಲಿ ನಿಲ್ಲಲಾರದೆ ಸುತ್ತತೊಡಗಿದ್ದಳು. ಶಿಕ್ಷಕ ಅರ್ಧ ಗಂಟೆಯೊಳಗೆ ಅವಳನ್ನು ಕೂರಿಸಿಕೊಂಡು ತಾನು ಚಿತ್ರೀಕರಿಸಿದ್ದನ್ನು ತೋರಿಸಿದ: ಇಲ್ಲಿ ನಿನ್ನ ಎಡಗಾಲು ಮಡಿಸಿದೆ, ಅದಕ್ಕೇ ಸುತ್ತಿದೆ. ಚೆನ್ನಾಗಿದ್ದುದನ್ನೂ ಹೇಳಿದ, ಎತ್ತರವನ್ನು ತಪ್ಪದೆ ನೋಡಿಕೊಂಡೆ, ಸರಿಯಾದ ಎತ್ತರದಲ್ಲಿ ತೆರೆದೆ ಎಂದ. ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಈ ಹಂತ ಇನ್ನೊಮ್ಮೆ ಎಂದ. ಅಷ್ಟೇ. ಮಗಳ ಮುಖ ಬಾಡಲಿಲ್ಲ. ನಾನು ಮಾತ್ರ ಉತ್ತರ ಪತ್ರಿಕೆಗಳನ್ನು ತರಗತಿಯೆದುರು ಅಂಕ ಕೂಗಿ ಹಂಚುತ್ತಿದ್ದ ನನ್ನನ್ನೇ ನೆನೆದು ತಲೆ ತಗ್ಗಿಸಿದೆ. ನಿಮ್ಮಲ್ಲಿ ಕೆಲವರಿಗೆ ಆ ದಿನಗಳು ನೆನಪಿರಬಹುದು.

ಅಪಾಯವಿಲ್ಲವೆಂದು ನಾನು ವಾದಿಸುತ್ತಿಲ್ಲ. ಆ 2023ರಲ್ಲೇ ಅಮೆರಿಕದಲ್ಲಿ ಸುಮಾರು 36 ಲಕ್ಷಕ್ಕೂ ಮಿಕ್ಕಿದ ಜಿಗಿತಗಳಲ್ಲಿ 10 ಮಂದಿ ಸತ್ತರು. ಸತ್ತವರ ಮನೆಗಳಿಗೆ ಈ ಭಾಗಾಕಾರದಿಂದ ಏನೂ ಸಮಾಧಾನವಿಲ್ಲ. ಆದರೆ ಜಿಗಿಯುವವರು ಬಹಳ ಕಡಿಮೆಯಿದ್ದ 1970ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ವ್ಯತ್ಯಾಸ ತಾನಾಗಿ ಬಂದದ್ದಲ್ಲ. ವಿದ್ಯಾರ್ಥಿ ಮೂರ್ಛೆ ಹೋದರೂ ನಿಗದಿತ ಎತ್ತರದಲ್ಲಿ ತಾನೇ ರಿಸರ್ವನ್ನು ಬಿಚ್ಚುವ ಸೈಪ್ರೆಸ್ ಎಂಬ ಯಂತ್ರ 1991ರಲ್ಲಿ ಜರ್ಮನಿಯಿಂದ ಬಂತು. ರಿಸರ್ವ್ ಪ್ಯಾರಾಚೂಟನ್ನು ಬಳಸಲಿ, ಬಿಡಲಿ, 180 ದಿನಕ್ಕೊಮ್ಮೆ ಸರ್ಕಾರದ ಪರವಾನಗಿ ಪಡೆದವರು ಬಿಚ್ಚಿ ಮತ್ತೆ ಮಡಿಸಬೇಕು. ಪ್ರತಿಯೊಂದು ಸಾವನ್ನೂ ಬಿಡಿಸಿ ಅಧ್ಯಯನ ಮಾಡಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಈಗ ಬಹಳಷ್ಟು ಅವಘಡಗಳು ಸರಿಯಾಗಿ ತೆರೆದ ಪ್ಯಾರಾಚೂಟಿನಡಿಯಲ್ಲೇ, ಇಳಿಯುವಾಗ ಪ್ರತಾಪ ತೋರುವ ಅನುಭವಿಗಳಿಗೆ ಆಗುತ್ತವೆಂದು ಅವರೇ ಬರೆದುಕೊಂಡಿದ್ದಾರೆ. ಭಯವನ್ನು ಹೀಗೆ ಕೆಲಸಕ್ಕೆ ಹಚ್ಚಿದವರನ್ನು ಹುಚ್ಚರೆನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಹೆದ್ದಾರಿಯಲ್ಲಿ ಹೆಲ್ಮೆಟನ್ನು ಮೊಣಕೈಗೆ ತೂಗಿಸಿಕೊಂಡು ಹೋಗುವವರಿಗೆ ನಾವು ಯಾರೂ ‘ಬೇಡ’ ಎಂದದ್ದನ್ನು ಕೇಳಿಲ್ಲ.

ಇದು ದುಬಾರಿ ಹವ್ಯಾಸ. ಲೈಸೆನ್ಸ್ ಬರುವಷ್ಟರಲ್ಲಿ ಕೆಲವು ಸಾವಿರ ಡಾಲರುಗಳು ಕರಗುತ್ತವೆ. ಎಲ್ಲರೂ ಜಿಗಿಯಿರಿ ಎಂದು ಹೇಳುವಷ್ಟು ಮತಿಗೆಟ್ಟಿಲ್ಲ. ನಾನೂ ಜಿಗಿಯಲಿಲ್ಲ. ನನ್ನ ಅಭಿಪ್ರಾಯ ಇಷ್ಟು: ಮಕ್ಕಳು ಇಂಥ ಆಸೆಯೊಂದನ್ನು ತಂದಾಗ ಹಿರಿಯರು ಕೇಳಬೇಕಾದ ಪ್ರಶ್ನೆಗಳಿವೆ. ಕಲಿಸುವವರು ಯಾರು? ತಪ್ಪಿದರೆ ಏನು ಮಾಡಿಸುತ್ತಾರೆ? ಗಾಳಿ ಕೆಟ್ಟರೆ ನಿಲ್ಲಿಸುವ ಅಧಿಕಾರ ಯಾರದು? ಉತ್ತರ ಸರಿಯಿಲ್ಲದಿದ್ದರೆ ಧಾರಾಳವಾಗಿ ಬೇಡ ಎನ್ನಿ. ಕೇಳುವ ಮೊದಲೇ ಹೇಳುವ ‘ಬೇಡ’ ನಮ್ಮ ಸೋಮಾರಿತನ. ಅದಕ್ಕೆ ನಾವು ಪ್ರೀತಿಯೆಂದು ಹೆಸರಿಟ್ಟಿದ್ದೇವೆ.

ಇಷ್ಟು ಬರೆದು, ಬರೆಯಲೇಬೇಕಾದದ್ದನ್ನು ಮುಚ್ಚಿಡಲಾರೆ. 1996ರಲ್ಲಿ ನಮ್ಮ ಶಾಲೆಯಿಂದ ಹೊರಬಿದ್ದು ಕಾಲೇಜು ಸೇರಿದ್ದ ಹುಡುಗಿಯೊಬ್ಬಳಿಗೆ, ಎನ್.ಸಿ.ಸಿ.ಯಿಂದ ಆಗ್ರಾದ ಪ್ಯಾರಾಚೂಟ್ ತರಬೇತಿ ಶಿಬಿರಕ್ಕೆ ಹೋಗುವ ಅವಕಾಶವೊದಗಿತ್ತು. ಅಲ್ಲಿ ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಚೂಟನ್ನು ತೆರೆಯುತ್ತದೆ, ಕಲಿಸುವವರು ವಾಯುಪಡೆಯವರು ಎಂಬುದನ್ನು ನಾನು ವಿಚಾರಿಸಲೇ ಇಲ್ಲ. ಅವಳ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಸಹಿ ಹಾಕಲೋ ಬೇಡವೋ, ನೀವು ಹೇಳಿದ ಹಾಗೆ” ಎಂದರು. ಕಾಫಿ ಆರುವ ಮೊದಲೇ ಬೇಡ ಎಂದೆ. ಹೆಣ್ಣುಮಗು, ಕಾಲು ಮುರಿದುಕೊಂಡರೆ ಮದುವೆ ಹೇಗೆ ಎಂದೂ ಸೇರಿಸಿದೆ. ರೇಚಲ್ ಥಾಮಸ್ ಎಂಬ ಭಾರತೀಯ ಹೆಣ್ಣುಮಗಳು ಆಗಾಗಲೇ ವರ್ಷಗಳಿಂದ ಜಿಗಿಯುತ್ತಿದ್ದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದರು. ಆ ಸುದ್ದಿಗಳನ್ನು ನಾನೇ ಪ್ರಾರ್ಥನೆಯ ವೇಳೆ ಮಕ್ಕಳಿಗೆ ಹೆಮ್ಮೆಯಿಂದ ಓದಿ ಹೇಳಿದ್ದೆ.

ಆ ಹುಡುಗಿ ಈಗ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ, ಇಲ್ಲಿ ಬರೆಯುವುದನ್ನೆಲ್ಲ ತಪ್ಪದೆ ಓದುತ್ತಾಳೆ. ಈ ಲೇಖನವನ್ನು ಬರೆಯುವ ಮುನ್ನ ಅವಳಿಗೆ ಫೋನ್ ಮಾಡಿ, ಅಂದು ಬೇಡವೆಂದದ್ದು ನಾನು ಎಂದು ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು ಸಾರ್. ಕೊನೆ ತನಕ ಆ ಕೋಪ ಅವರ ಮೇಲೇ ಇಟ್ಕೊಂಡಿದ್ದೆ” ಎಂದಳು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದೆ. “ಬರೀರಿ ಸಾರ್, ಹೆಸರು ಹಾಕಬೇಡಿ” ಎಂದಳು.