ಒಂದೇ ಪ್ರತಿಯ ಮೋಹ

ಹುಬ್ಬಳ್ಳಿ-ಧಾರವಾಡಗಳ ನಡುವಿನ ರಾಯಾಪುರದಲ್ಲಿ ನನ್ನ ಮನೆ. ಅಲ್ಲಿ ನನ್ನ ಬರೆಯುವ ಮೇಜಿನ ಮೇಲೆ ಒಂದು ತಿಂಗಳಿನಿಂದ ಬರಿದಾದ ಪುಟ್ಟ ಡಬ್ಬಿಯೊಂದು ಕುಳಿತಿದೆ. ಹಾರ್ಡ್ ಡಿಸ್ಕನ್ನು ಒಳಗಿರಿಸಿ, ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸತಕ್ಕ ಡಬ್ಬಿ ಅದು. ಅದರಲ್ಲಿ ಎಂಥ ಡಿಸ್ಕನ್ನು ಇಡಬೇಕೆಂಬ ಪ್ರಶ್ನೆ ಕನ್ನಡದ ಅಧ್ಯಾಪಕನಿಗೇಕೆ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆಯನ್ನು ಹಗುರಾಗಿ ತಿಳಿದುದರಿಂದಲೇ ನಾನು ಒಬ್ಬ ಅಜ್ಜಿಯ ದನಿಯನ್ನು ಕಳೆದುಕೊಂಡಿದ್ದೇನೆ.

ಏಳು ವರ್ಷಗಳ ಕಾಲ ನನ್ನ ವಿದ್ಯಾರ್ಥಿಗಳು ನವಲಗುಂದ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಿಂದ ಬೀಸುವ ಪದ, ಸೋಬಾನೆ ಪದ, ಡೊಳ್ಳಿನ ಪದಗಳನ್ನು ಧ್ವನಿಮುದ್ರಿಸಿ ತಂದರು. ಸುಮಾರು 240 ಗಂಟೆಗಳ ಸಂಗ್ರಹ. ಅದನ್ನೆಲ್ಲ ಒಂದೇ ದೊಡ್ಡ ಡಿಸ್ಕಿನಲ್ಲಿ ಕೂಡಿಸಿಟ್ಟು, ಯಾರೂ ತಮ್ಮಲ್ಲಿ ಪ್ರತಿ ಇಟ್ಟುಕೊಳ್ಳಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಪಾಠ ಕೆಡಬಾರದು, ಸಂಗ್ರಹ ಚೆಲ್ಲಾಪಿಲ್ಲಿಯಾಗಬಾರದು ಎಂಬುದು ನನ್ನ ವಾದವಾಗಿತ್ತು. ಕಳೆದ ಬೇಸಗೆಯ ಒಂದು ಸಂಜೆ, ಡಿಸ್ಕು ತಿರುಗುತ್ತಿದ್ದಾಗಲೇ ನನ್ನ ಮೊಣಕೈ ತಾಗಿ ಅದು ನೆಲಕ್ಕೆ ಬಿತ್ತು. ಅದರೊಳಗಿನ ಓದುವ ತುದಿಯು ತಟ್ಟೆಯಿಂದ ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಗುಲಿತು. ಏಳು ವರ್ಷಗಳ ದುಡಿಮೆ ಮೂಕವಾಯಿತು.

ನವಲಗುಂದದ ಕಡೆಯ ಆ ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಈಗ ಉಳಿದಿರುವುದು ಅವಳ ಹನ್ನೊಂದು ಪದಗಳು ಮಾತ್ರ. ಒಬ್ಬ ಹುಡುಗ ನನ್ನ ಅಪ್ಪಣೆಯನ್ನು ಮೀರಿ, ತನ್ನ ತಾಯಿಗೆ ಕೇಳಿಸಲೆಂದು ಅವನ್ನು ಫೋನಿನಲ್ಲಿ ಉಳಿಸಿಕೊಂಡಿದ್ದ. “ತಪ್ಪಾತ್ರಿ ಸರ್” ಎಂದು ಅಂಜುತ್ತಲೇ ತಂದುಕೊಟ್ಟ. ತಪ್ಪು ನನ್ನದೆಂದು ಅವನಿಗೆ ನಾನೇ ಹೇಳಬೇಕಾಯಿತು.

ಹೊಸ ಡಬ್ಬಿಗಾಗಿ ಹುಬ್ಬಳ್ಳಿಗೆ ಹೋದಾಗ ಅಂಗಡಿಯವರು, “ಸಣ್ಣದು ಬ್ಯಾಡ್ರಿ ಸರ್, ದೊಡ್ಡ ಡಬ್ಬಿ ಒಯ್ರಿ. ಎಂಟು ಟೆರಾಬೈಟ್ ಡಿಸ್ಕ್ ಹಾಕಿದ್ರ ಜೀವಮಾನ ಚಿಂತಿಲ್ಲ” ಎಂದರು. ನಾನು ಹಿಂದೆ ಮೋಸಹೋದದ್ದು ಇದೇ ನಿಶ್ಚಿಂತೆಗೆ. ಲೆಕ್ಕ ಹಾಕಿ ನೋಡೋಣ. ಉತ್ತಮ ದರ್ಜೆಯ ಧ್ವನಿಮುದ್ರಣ ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟ್ ಸ್ಥಳ ಬೇಡುತ್ತದೆ. 240 ಗಂಟೆಗಳಿಗೆ 250 ಗಿಗಾಬೈಟ್ ಎನ್ನಿ. ಒಂದು ಟೆರಾಬೈಟಿನ ಸಾಮಾನ್ಯ ಡಿಸ್ಕಿನಲ್ಲಿ ಅದು ಕಾಲು ಭಾಗ ಮಾತ್ರ. ಕನ್ನಡ ನಾಡು ಒಂದುಗೂಡಿದ 1956ರಲ್ಲಿಯೇ ಹೊರಬಂದ ಐಬಿಎಂ ಸಂಸ್ಥೆಯ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಸ್ಥಳದ ಬಡತನ ಇಂದು ನಮಗಿಲ್ಲ. ಇರುವ ಬಡತನವೆಲ್ಲ ಪ್ರತಿಗಳದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಒಂದು ದೊಡ್ಡ ಡಿಸ್ಕಿನ ಹಣದಲ್ಲಿ ಎರಡು ಸಾಧಾರಣ ಡಿಸ್ಕುಗಳನ್ನು ಕೊಳ್ಳತಕ್ಕದ್ದು. ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರು ಬೇಕು. ಮೇಜು ಬಿಟ್ಟು ಕದಲದವರಿಗೆ ಅದು ಸರಿ. ಎರಡೂವರೆ ಅಂಗುಲದ್ದು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. ಚೀಲದಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಓಡಾಡುವ ನನ್ನಂಥವನಿಗೆ ಅದೇ ಲೇಸು. ಆದರೆ ಡಿಸ್ಕಿನ ದಪ್ಪ ಡಬ್ಬಿಗೆ ಹೊಂದುವುದೇ ಎಂದು ಮೊದಲೇ ನೋಡಬೇಕು. 7 ಮಿಲಿಮೀಟರಿನ ಡಬ್ಬಿಯಲ್ಲಿ 15 ಮಿಲಿಮೀಟರಿನ ಡಿಸ್ಕು ಕೂಡದು. ಇನ್ನು ಕೆಲವು ಡಿಸ್ಕುಗಳಲ್ಲಿ ಬರೆಹದ ಸಾಲುಗಳನ್ನು ಮಾಡಿನ ಹಂಚಿನಂತೆ ಒಂದರ ಮೇಲೊಂದು ಹೊದಿಸಿರುತ್ತಾರೆ. ನಡುವಿನ ಹಂಚನ್ನು ಬದಲಿಸಲು ಪಕ್ಕದವನ್ನೂ ಎತ್ತಬೇಕಾಗುವಂತೆ, ಅಲ್ಲಿ ತಿದ್ದಿ ಬರೆಯುವುದು ನಿಧಾನ. ಒಮ್ಮೆ ಬರೆದು ಕಾದಿಡುವವನಿಗೆ ಅದರಿಂದ ತೊಡಕಿಲ್ಲ; ದಿನವೂ ತಿದ್ದುವವನು ಅದನ್ನು ಬಿಡುವುದೊಳ್ಳೆಯದು.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಿದ್ದರೂ ಸುಲಭವಾಗಿ ಕೆಡದಲ್ಲ ಎಂದು ಮಿತ್ರರು ಆಕ್ಷೇಪಿಸುತ್ತಾರೆ. ಆ ಮಾತು ನಿಜ. ಹಳ್ಳಿಗೆ ಒಯ್ಯಲು ಅದೇ ಯೋಗ್ಯ. ಆದರೆ ಅದರಲ್ಲಿಯ ಬರೆಹ ಸೂಕ್ಷ್ಮವಾದ ವಿದ್ಯುದಂಶವಾಗಿ ನಿಂತಿರುತ್ತದೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ, ಅದರಲ್ಲೂ ಸೆಕೆಯಲ್ಲಿ, ಅದು ಸೋರಿಹೋಗುವ ಭಯವಿದೆ. ಡಬ್ಬಿಯ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಡಬ್ಬಿಗಳು ತಮಗೆ ಮಾತ್ರ ತಿಳಿಯುವ ಗೂಢಲಿಪಿಯಲ್ಲಿ ಬರೆಯುತ್ತವೆ. ಡಬ್ಬಿ ಕೆಟ್ಟರೆ ಡಿಸ್ಕು ನೆಟ್ಟಗಿದ್ದರೂ ಓದಲಾಗದು. ಡಿಸ್ಕನ್ನು ತೆಗೆದು ಇನ್ನೊಂದು ಡಬ್ಬಿಗೆ ಹಾಕಿ, ಓದಬರುವುದೇ ಎಂದು ಮೊದಲ ದಿನವೇ ಪರೀಕ್ಷಿಸುವುದು ಜಾಣತನ.

ಇಷ್ಟೆಲ್ಲ ಆಯ್ದ ಮೇಲೂ ಯಾವ ಡಿಸ್ಕೂ ಚಿರಂಜೀವಿಯಲ್ಲ. ಇದು ಕನ್ನಡಿಗರಿಗೆ ಹೊಸ ಪಾಠವೂ ಅಲ್ಲ. ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೆಡದ ಓಲೆಯೊಂದನ್ನು ಹುಡುಕುತ್ತ ಅವಳು ಕೂರಲಿಲ್ಲ. ಓಲೆಗೆ ಹುಳು ಹತ್ತುವುದು ಖಂಡಿತವೆಂದು ಬಲ್ಲವಳೇ ಸಾವಿರ ಪ್ರತಿ ಮಾಡಿಸಿಯಾಳು.

ಪ್ರತಿ ಹೆಚ್ಚಿದಷ್ಟೂ ಪಾಠ ಕೆಡುತ್ತದೆಂಬ ನನ್ನ ಹಳೆಯ ವಾದವೂ ನಿಲ್ಲದು. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಗೊತ್ತಿದೆ: ಹಲವು ಹಸ್ತಪ್ರತಿಗಳಿದ್ದರೆ ಒಂದರ ದೋಷವನ್ನು ಇನ್ನೊಂದರಿಂದ ತಿದ್ದಬಹುದು, ಒಂದೇ ಪ್ರತಿಯಿದ್ದು ಅದೂ ತ್ರುಟಿತವಾಗಿದ್ದರೆ ಸಂಪಾದಕನು ಊಹೆಗೆ ಶರಣಾಗಬೇಕು. ಗಣಕಯಂತ್ರವಾದರೋ ಲಿಪಿಕಾರನಂತೆ ಅಕ್ಷರ ಹಾರಿಸುವುದು ತೀರ ಅಪರೂಪ. ಹಾರಿಸಿದರೂ ಎರಡು ಪ್ರತಿಗಳನ್ನು ತಾಳೆ ನೋಡುವ ಸಾಧನ ಅದರಲ್ಲಿಯೇ ಉಂಟು. 250 ಗಿಗಾಬೈಟನ್ನು ಇನ್ನೊಂದು ಡಿಸ್ಕಿಗೆ ಇಳಿಸಲು ಒಂದು ಗಂಟೆಯೂ ಹಿಡಿಯಲಿಕ್ಕಿಲ್ಲ. ಆ ಒಂದು ಗಂಟೆಯನ್ನು ಏಳು ವರ್ಷಗಳಲ್ಲಿ ನಾನು ಕೊಡಲಿಲ್ಲ.

ಕಾದಿಡುವವನೆಂಬ ಹೆಮ್ಮೆಯಲ್ಲಿ ನಾನು ಜಿಪುಣನಾಗಿದ್ದೆ. ಸಂಗ್ರಹಕಾರ್ಯದಲ್ಲಿ ತೊಡಗಿದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇದೇ: ಡಿಸ್ಕನ್ನು ಕಂಡುಕೇಳಿ ಆರಿಸಿರಿ, ಆದರೆ ಅದೊಂದನ್ನೇ ನಂಬಬೇಡಿರಿ. ನಾನೀಗ ಎರಡು ಡಿಸ್ಕುಗಳಿಗೆ ಹಣ ಕೊಟ್ಟು ಬಂದಿದ್ದೇನೆ. ಒಂದು ರಾಯಾಪುರದ ಈ ಡಬ್ಬಿಗೆ, ಇನ್ನೊಂದು ಧಾರವಾಡದ ಮಿತ್ರರ ಮನೆಗೆ. ಅವೆರಡರಲ್ಲಿಯೂ ಮೊದಲು ಬರೆಯತಕ್ಕದ್ದು ಆ ಹನ್ನೊಂದು ಪದಗಳನ್ನು. ಮೂರನೆಯ ಪ್ರತಿ ಅಜ್ಜಿಯ ಮೊಮ್ಮಗಳಿಗೆ ಸಲ್ಲಬೇಕು. ಅದನ್ನು ತಲುಪಿಸುವ ಕೆಲಸವನ್ನು ನನ್ನ ಅಪ್ಪಣೆ ಮೀರಿದ ಹುಡುಗನಿಗೇ ಒಪ್ಪಿಸಿದ್ದೇನೆ.