ಸಲಹೆ ಕೊಡದ ಆಪ್ತಸಮಾಲೋಚನೆ

ಆಪ್ತಸಮಾಲೋಚಕರ ಬಳಿ ಹೋದವರಲ್ಲಿ ಅನೇಕರು ಮೊದಲು ಕೇಳುವುದು, ‘ನಾನೀಗ ಏನು ಮಾಡಲಿ, ಹೇಳಿ’ ಎಂದು. ವ್ಯಕ್ತಿಕೇಂದ್ರಿತ ಪದ್ಧತಿಯವರು ಇದಕ್ಕೆ ಸಾಮಾನ್ಯವಾಗಿ ನೇರ ಉತ್ತರ ಕೊಡುವುದಿಲ್ಲ. ಅದಕ್ಕೆ ಕಾರಣವಿದೆ.

ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ಅವರ ಪ್ರಕಾರ, ‘ಹೀಗಿದ್ದರೆ ಮಾತ್ರ ನೀನು ಒಳ್ಳೆಯವಳು’ ಎಂಬಂಥ ಷರತ್ತುಗಳನ್ನು ನಾವು ಚಿಕ್ಕಂದಿನಿಂದಲೇ ಮೈಗೂಡಿಸಿಕೊಳ್ಳುತ್ತೇವೆ. ಅವಕ್ಕೆ ಹೊಂದದ ಭಾವನೆಗಳನ್ನು ನಮ್ಮಿಂದಲೇ ಬಚ್ಚಿಡುತ್ತೇವೆ. ಸಂಕಟ ಹುಟ್ಟುವುದು ಅಲ್ಲಿ.

ಹಾಸಿಗೆ ಹಿಡಿದ ತಂದೆಯನ್ನು ಒಬ್ಬಳೇ ನೋಡಿಕೊಳ್ಳುವ ಮಗಳು ‘ಅಪ್ಪನ ಮೇಲೆ ಸಿಟ್ಟು ಬರುತ್ತದೆ’ ಎಂದಳೆನ್ನಿ. ‘ಛೆ, ಹಾಗನ್ನಬಾರದು’ ಎನ್ನುವವರೇ ಹೆಚ್ಚು. ಸಮಾಲೋಚಕರು ‘ದಣಿವೂ ಇದೆ, ಸಿಟ್ಟು ಬಂತಲ್ಲಾ ಎಂಬ ಕೊರಗೂ ಇದೆ, ಅಲ್ಲವೇ?’ ಎನ್ನಬಹುದು. ಹೇಳಿದ್ದಕ್ಕೆ ಯಾರೂ ಬೈಯಲಿಲ್ಲ ಎಂದಾಗ, ತನಗೆ ಬೇಕಿರುವುದು ಒಡಹುಟ್ಟಿದವರ ನೆರವು ಎಂಬುದು ಅವಳಿಗೇ ಹೊಳೆಯಬಹುದು. ಹಾಗೆ ತಾನೇ ಕಂಡುಕೊಂಡ ದಾರಿಯಲ್ಲಿ ನಡೆಯುವುದು ಸುಲಭ ಎಂಬುದು ಈ ಪದ್ಧತಿಯ ನಂಬಿಕೆ.

ಇದಕ್ಕೆ ಸಮಾಲೋಚಕರಲ್ಲಿ ಮೂರು ಗುಣ ಇರಲೇಬೇಕೆಂದು ರೋಜರ್ಸ್ 1957ರ ಲೇಖನದಲ್ಲಿ ವಾದಿಸಿದರು: ಪರಾನುಭೂತಿ, ಅಂದರೆ ಎದುರಿನವರ ಅನುಭವವನ್ನು ಅವರ ಕಣ್ಣಿನಿಂದ ನೋಡುವುದು, ಬೇಷರತ್ ಆದರ, ಅಂದರೆ ತಪ್ಪು-ಒಪ್ಪು ತೂಗದೆ ಗೌರವಿಸುವುದು, ಸಾಚಾತನ, ಅಂದರೆ ಒಳಗೊಂದು ಹೊರಗೊಂದು ಇಲ್ಲದಿರುವುದು.

ಅಗಲಿಕೆಯ ದುಃಖ, ಸಂಬಂಧಗಳ ಬಿಕ್ಕಟ್ಟು, ಕೀಳರಿಮೆ, ಇತ್ಯರ್ಥವಾಗದ ನಿರ್ಧಾರಗಳು ಕಾಡುವಾಗ ಈ ಪದ್ಧತಿ ಹೊಂದಬಹುದು. ಖಿನ್ನತೆಯ ವಿಷಯದಲ್ಲಿ ಇಂಗ್ಲೆಂಡಿನಲ್ಲಿ 510 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವಿದೆ. ಆಲೋಚನೆ, ನಡವಳಿಕೆಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆಗೆ ಹೋಲಿಸಿದರೆ, ಇದೇ ಪರಂಪರೆಯ ಚಿಕಿತ್ಸೆ ಆರು ತಿಂಗಳ ಹೊತ್ತಿಗೆ ಹಿಂದೆ ಬೀಳಲಿಲ್ಲ. ವರ್ಷ ತುಂಬುವಾಗ ಮಾತ್ರ ಸಿಬಿಟಿ ಮುಂದಿತ್ತು.

ಮತ್ತೆ ಮತ್ತೆ ಕೈತೊಳೆಯುವಂಥ ಗೀಳು, ವಿಪರೀತ ಭಯಗಳಿಗೆ ಹಂತಹಂತವಾದ ಅಭ್ಯಾಸ ಕೊಡುವ ಚಿಕಿತ್ಸೆ ಹೆಚ್ಚು ಸೂಕ್ತ. ಇಲ್ಲದ ದನಿ ಕೇಳಿಸುತ್ತಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ನೆರವು ಪಡೆಯಬೇಕು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ನನಗನಿಸುವಂತೆ, ಮೊದಲ ಭೇಟಿಯಲ್ಲೇ ‘ನಿಮ್ಮ ಪದ್ಧತಿ ಯಾವುದು?’ ಎಂದು ಕೇಳುವುದು ಒಳ್ಳೆಯದು. ಕೆಲವು ವಾರಗಳಾದರೂ ಉಪಯೋಗವಾಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಆ ಮಾತನ್ನು ಬೇಸರವಿಲ್ಲದೆ ಕೇಳಿಸಿಕೊಳ್ಳುವವರು ಈ ಪದ್ಧತಿಯನ್ನು ನಿಜಕ್ಕೂ ಪಾಲಿಸುತ್ತಿದ್ದಾರೆ ಎನ್ನಬಹುದು.