ದಿನಕ್ಕೆ 50 ರೂಪಾಯಿ ಯಾರ ಲೆಕ್ಕಕ್ಕೆ?

ಘೋಡಬಂದರ್ ರಸ್ತೆಯ ಗಾಯಮುಖ ಘಾಟಿನಲ್ಲಿ ಭಾರ ಹೊತ್ತ ಲಾರಿಯೊಂದರ ಬ್ರೇಕು ಕೈಕೊಟ್ಟರೆ, ಅದರ ಮುಂದಿರುವ ರಿಕ್ಷಾಕ್ಕೆ ಸರಿದುಕೊಳ್ಳುವ ಎಡೆಯಿರುವುದಿಲ್ಲ. ವಾಹನಗಳ ತಪಾಸಣೆ ಕಟ್ಟುನಿಟ್ಟಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಚಾಲಕರು ‘ಪಾಸಿಂಗ್’ ಎಂದು ಕರೆಯುವ ಈ ತಪಾಸಣೆಯೇ ಬೇಡವೆಂದವರಲ್ಲ. ಅವರ ತಕರಾರು ದಂಡದ ಕುರಿತಾದದ್ದು.

ಬಾಡಿಗೆಗೆ ಓಡುವ ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು. ಅವಧಿ ಮೀರಿದ ಪ್ರತಿದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕವೆಂದು ಕೇಂದ್ರ ಸರ್ಕಾರ 2016ರ ಡಿಸೆಂಬರಿನಲ್ಲೇ ವಿಧಿಸಿತ್ತು. ಮಾಲೀಕರ ಅರ್ಜಿಯನ್ನು ಬಾಂಬೆ ಹೈಕೋರ್ಟ್ ವಜಾಗೊಳಿಸಿದ ಬಳಿಕ, 2024ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಅದರ ವಸೂಲಿಗೆ ಇಳಿಯಿತು. ವರ್ಷ ತಡವಾದ ರಿಕ್ಷಾಕ್ಕೆ 18,250 ರೂಪಾಯಿ. ಅಷ್ಟೇ ತಡವಾದ ಭಾರೀ ಲಾರಿಗೂ 18,250 ರೂಪಾಯಿ. ಗಳಿಕೆಯನ್ನೂ ಅಪಾಯದ ಪ್ರಮಾಣವನ್ನೂ ನೋಡದ ಈ ಲೆಕ್ಕ ನ್ಯಾಯದ ಲೆಕ್ಕವಲ್ಲ. ಚಾಲಕರು ಬೀದಿಗಿಳಿದರು. ಜುಲೈಯಲ್ಲಿ ರಾಜ್ಯ ಸರ್ಕಾರ ವಸೂಲಿಗೆ ತಡೆ ನೀಡಿತು. ಆಗ ಮುಖ್ಯಮಂತ್ರಿಯಾಗಿದ್ದ ಏಕನಾಥ ಶಿಂಧೆ ಹಿಂದೊಮ್ಮೆ ಠಾಣೆಯಲ್ಲಿ ರಿಕ್ಷಾ ಓಡಿಸಿದವರು. ವಿಧಾನಸಭಾ ಚುನಾವಣೆಗೂ ನಾಲ್ಕೇ ತಿಂಗಳಿತ್ತು. ತಡೆಯಿಂದ ದಂಡ ನಿಂತಿತು, ಸವೆದ ಬ್ರೇಕು ಸವೆದಂತೆಯೇ ಉಳಿಯಿತು.

ಕಾಗದದಲ್ಲಿ ಹೊಣೆ ಮಾಲೀಕನದು. ಆದರೆ ದಿನಬಾಡಿಗೆಗೆ ರಿಕ್ಷಾ ಪಡೆದು ಓಡಿಸುವವನು ತಪಾಸಣೆಯ ದಿನದ ಸಂಪಾದನೆ ಕಳೆದುಕೊಳ್ಳುತ್ತಾನೆ. ದಂಡವೂ ಸದ್ದಿಲ್ಲದೆ ಅವನ ತಲೆಗೇ ಬರುತ್ತದೆ. ಮಳೆಗಾಲದ ಗುಂಡಿಗಳು ಮುರಿದ ಸಸ್ಪೆನ್ಶನ್ನಿಗೂ ಅವನೇ ಉತ್ತರಿಸಬೇಕು. ರಸ್ತೆಗೆ ಮಾತ್ರ ಫಿಟ್‌ನೆಸ್ ಪತ್ರ ಕೇಳುವವರಿಲ್ಲ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು, ಅನ್ನಪಾನನಿರೋಧ ಇನ್ನೊಂದು. ಎತ್ತಿನ ಬೆನ್ನು ನೋಡಿ ಹೇರು ಹಾಕುತ್ತಿದ್ದ ಶ್ರಾವಕರ ಮೊಮ್ಮಕ್ಕಳು ಇಂದು ಭಿವಂಡಿಯ ಗೋದಾಮಿನಿಂದ, ವಾಶಿಯ ಮಾರುಕಟ್ಟೆಯಿಂದ ಸರಕು ಕಳುಹಿಸುವಾಗ ಕಡಿಮೆ ಬಾಡಿಗೆಯ ಲಾರಿಯನ್ನಷ್ಟೇ ಹುಡುಕುತ್ತಾರೆ. ಆ ಬಾಡಿಗೆ ಏಕೆ ಕಡಿಮೆಯೆಂದು ಕೇಳುವುದಿಲ್ಲ. ಹೆಚ್ಚು ಹೇರಿದ ಲಾರಿ, ಊಟ-ನಿದ್ರೆಗಳಿಲ್ಲದ ಚಾಲಕ, ಅವಧಿ ಮೀರಿದ ಪ್ರಮಾಣಪತ್ರ ಇವೆಲ್ಲ ಆ ಅಗ್ಗದಲ್ಲೇ ಅಡಗಿರುತ್ತವೆ. ರಾತ್ರಿಭೋಜನ ತ್ಯಾಗಕ್ಕೆ ತೋರುವ ಎಚ್ಚರದ ಕಾಲಂಶವನ್ನಾದರೂ ಸಮಾಜ ಇಲ್ಲಿ ತೋರಬೇಕು.

ಸರ್ಕಾರವು ದಂಡವನ್ನು ವಾಹನದ ಗಾತ್ರಕ್ಕೆ ತಕ್ಕಂತೆ ನಿಗದಿಪಡಿಸಲಿ. ಅವಧಿಗೆ ಮೊದಲೇ ಅರ್ಜಿ ಹಾಕಿದವನಿಗೆ ತಪಾಸಣೆಯ ದಿನ ದೊರೆಯುವುದು ತಡವಾದರೆ ಆ ದಿನಗಳನ್ನು ಲೆಕ್ಕದಿಂದ ಬಿಡಲಿ. ಬಾಡಿಗೆ ಚಾಲಕನಿಂದ ದಂಡ ಮುರಿದುಕೊಳ್ಳುವ ಪರ್ಮಿಟ್‌ದಾರನಿಗೆ ಬಿಸಿ ಮುಟ್ಟಿಸಲಿ. ಸಮಾಜ ಮಾಡಬೇಕಾದದ್ದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಫಿಟ್‌ನೆಸ್, ವಿಮೆ, ಹೊಗೆ ತಪಾಸಣೆಗಳ ಅವಧಿ ತಿಳಿಯುತ್ತದೆ. ಶ್ರವಣಬೆಳಗೊಳದ ಯಾತ್ರೆಗೆ ಬಸ್ಸು ಗೊತ್ತುಮಾಡುವ ಬಸದಿ ಸಮಿತಿಗಳು ಮುಂಗಡ ಕೊಡುವ ಮೊದಲು ಅದನ್ನೊಮ್ಮೆ ನೋಡಲಿ.